ಬಣ್ಣ ನೋಡಿ ನಂಬಬೇಡಿ, ಮೆಶ್ ಎಷ್ಟು ಅಂತ ಕೇಳಿ

ಸಂಪಾದಕರಿಗೆ ನಮಸ್ಕಾರ.

ಬೇಸಿಗೆ ಬಂತೆಂದರೆ ಜಾಹೀರಾತಿನಲ್ಲಿ, ಕಾಲೇಜಿನ ಪ್ರದರ್ಶನದಲ್ಲಿ, ವಾಟ್ಸಾಪಿನಲ್ಲಿ ಎಲ್ಲ ಕಡೆ ಒಂದೇ ತರದ ಚಿತ್ರ, ಕಂಪ್ಯೂಟರ್‌ನಲ್ಲಿ ಶಾಖದ ಲೆಕ್ಕ ಹಾಕಿ ತೆಗೆದದ್ದು. ಮನೆಯ ಛತ್ತು ಕೆಂಪು, ಅದರ ಕೆಳಗೆ ಹಳದಿ, ಕೋಣೆ ನೀಲಿ. ಪಕ್ಕದಲ್ಲಿ ಒಂದು ಬಣ್ಣದ ಪಟ್ಟಿ, ಅದರ ಮೇಲೆ ಅಂಕಿಗಳು. ಈ ಹೊದಿಕೆ ಹಾಕಿಸಿದರೆ ಇಷ್ಟು ಡಿಗ್ರಿ ಇಳಿಯುತ್ತದೆ ಅಂತ ಕೆಳಗೆ ಒಂದು ಸಾಲು. ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲು ತಿನ್ನುವ ಕಲಬುರಗಿಯ ಜನ ಅಂಥ ಚಿತ್ರ ನೋಡಿ ದುಡ್ಡು ಬಿಚ್ಚುತ್ತಾರೆ. ಬಿಚ್ಚದೆ ಏನು ಮಾಡುತ್ತಾರೆ, ರಾತ್ರಿ ಹತ್ತಾದರೂ ಸ್ಲ್ಯಾಬ್ ಕೆಳಗೆ ಮಲಗಲು ಆಗುವುದಿಲ್ಲವಲ್ಲ. ಆ ಚಿತ್ರಗಳ ಬಗ್ಗೆ, ಅವುಗಳ ಹಿಂದಿನ ಮೆಶ್ ಅಂದರೆ ಲೆಕ್ಕದ ಜಾಳಿಗೆಯ ಬಗ್ಗೆ, ನನಗೆ ಒಂದು ಮಾತು ಹೇಳಬೇಕಿದೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಸೇಡಂ ಕಡೆ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವನು, ಅದೂ ಕಿಲ್ನ್, ಅಂದರೆ ಸಿಮೆಂಟಿನ ಕಲ್ಲು ಸುಡುವ ದೊಡ್ಡ ಕುಲುಮೆಯ ಹತ್ತಿರವೇ. ಶಾಖದ ಲೆಕ್ಕ ಹಾಕಿಯೇ ಅನ್ನ ತಿಂದಿದ್ದೇನೆ. ಈಗ ಮನೆಯಲ್ಲಿದ್ದೇನೆ. ಓಣಿಯ ಹುಡುಗರು ಕೊನೇ ವರ್ಷದ ಪ್ರಾಜೆಕ್ಟ್ ಹಿಡಿದುಕೊಂಡು ಬರುತ್ತಾರೆ, ಕೂತು ನೋಡುತ್ತೇವೆ.

ಈ ಸಲ ಬಂದ ಹುಡುಗನ ವಿಷಯ ನನಗೆ ತುಂಬಾ ಹಿಡಿಸಿತು. ನಮ್ಮ ಕಡೆ ಸಂಜೆ ಹೊತ್ತು ಮಾಳಿಗೆ ಮೇಲೆ ನೀರು ಹೊಡೆಯುತ್ತಾರೆ. ಮೇ ತಿಂಗಳಲ್ಲಿ ಒಮ್ಮೊಮ್ಮೆ ಗಾಳಿ ಎದ್ದು ಹತ್ತು ನಿಮಿಷ ಮಳೆ ಬಿದ್ದು ಹೋಗುತ್ತದೆ. ಕಾದ ಸ್ಲ್ಯಾಬ್ ಮೇಲೆ ಥಟ್ಟನೆ ನೀರು ಬಿದ್ದರೆ ಒಳಗೆ ಏನಾಗುತ್ತದೆ, ತಂಪು ಎಷ್ಟು ಹೊತ್ತಿಗೆ ಕೆಳಗೆ ಮುಟ್ಟುತ್ತದೆ ಅನ್ನುವುದು ಅವನ ಪ್ರಶ್ನೆ. ಒಳ್ಳೆ ಪ್ರಶ್ನೆ ಅಲ್ವಾ? 12 ಸೆಂ.ಮೀ. ಕಾಂಕ್ರೀಟ್ ಸ್ಲ್ಯಾಬ್, ಪೂರ್ತಿ 60 ಡಿಗ್ರಿಗೆ ಕಾದಿದೆ ಅಂತ ಹಿಡಿದಿದ್ದ. ಮೇಲ್ಮೈ ಒಮ್ಮೆಲೇ 30ಕ್ಕೆ ಇಳಿಯಿತು ಅಂತ ಕೊಟ್ಟಿದ್ದ. ನಿಮಿಷಕ್ಕೊಂದು ಹೆಜ್ಜೆ ಇಟ್ಟು, ಅಂದರೆ ಒಂದೊಂದು ನಿಮಿಷ ಮುಂದೆ ಹೋಗಿ ಉಷ್ಣತೆ ಎಷ್ಟಾಯಿತು ಅಂತ, ಲೆಕ್ಕ ನಡೆಸಿದ್ದ. ಚಿತ್ರ ಬಹಳ ಚೆನ್ನಾಗಿತ್ತು. ಮೇಲೆ ನೀಲಿ, ಕೆಳಗೆ ಕಡುಗೆಂಪು, ನಡುವೆ ಬಣ್ಣ ನುಣ್ಣಗೆ ಬೆರೆತಿತ್ತು.

ಬಣ್ಣದ ಪಟ್ಟಿಯ ತುದಿಯಲ್ಲಿ 60.00 ಅಂತಿತ್ತು. ಕಂಪ್ಯೂಟರ್ ತಾನಾಗಿ ಬರೆದರೆ ಅಷ್ಟು ಗುಂಡು ಅಂಕಿ ಬರುವುದು ಕಡಿಮೆ. ಯಾಕಪಾ ಇದು ಅಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ: "ಸರ್, ಪಟ್ಟಿ ನಾನೇ 60ಕ್ಕ ಕಟ್ಟೀನ್ರಿ. ಇಲ್ಲಂದ್ರ ಒಳಗ 66 ತೋರಸ್ಲಾಕತ್ತಿತ್ರಿ. ವೈವಾದಾಗ ಕೇಳ್ತಾರಂತ ಅಂಜಿ ಹಂಗ ಮಾಡೀನ್ರಿ."

66! ಕಾದ ಸ್ಲ್ಯಾಬ್ ಮೇಲೆ ತಣ್ಣೀರು ಬಿದ್ದ ಒಂದೇ ನಿಮಿಷಕ್ಕೆ, ಮೇಲಿನಿಂದ 4 ಸೆಂ.ಮೀ. ಆಳದಲ್ಲಿ ಕಾಂಕ್ರೀಟ್ ಇನ್ನೂ 6 ಡಿಗ್ರಿ ಕಾಯಿತು ಅಂತ ಲೆಕ್ಕ ಹೇಳುತ್ತಿದೆ. ಒಳಗೆ ಒಲೆ ಇಲ್ಲ, ಕೆಳಗಿನಿಂದ ಶಾಖ ಬರುತ್ತಿಲ್ಲ. ನನಗೆ ಹುಡುಗನ ಮೇಲೆ ಸಿಟ್ಟು ಬರಲಿಲ್ಲ, ಹೊಟ್ಟೆ ಚುರ್ ಅಂದಿತು. ತಪ್ಪು ಅವನ ಕಣ್ಣಿಗೆ ಬಿದ್ದಿತ್ತು. ಕೇಳಿದರೆ ಹೇಳಿಕೊಡುವವರು ಯಾರೂ ಸಿಗಲಿಲ್ಲ, ಚಿತ್ರ ಚೆನ್ನಾಗಿರಲಿ ಅಂತ ಮಾತ್ರ ಹೇಳಿದ್ದರು. ಅದಕ್ಕೆ ಮುಚ್ಚಿಬಿಟ್ಟ.

ಮೆಶ್ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ಮೆಶ್ ಅಂದರೆ ಜಾಳಿಗೆ. ಕಂಪ್ಯೂಟರ್‌ಗೆ ಸ್ಲ್ಯಾಬನ್ನು ಇಡಿಯಾಗಿ ನೋಡಲು ಬರುವುದಿಲ್ಲ. ಅದನ್ನು ಸಣ್ಣ ಸಣ್ಣ ತುಂಡು ಮಾಡಿಕೊಳ್ಳುತ್ತದೆ. ತುಂಡುಗಳು ಕೂಡುವ ಮೂಲೆಗಳಲ್ಲಿ ಮಾತ್ರ ಉಷ್ಣತೆ ಲೆಕ್ಕ ಹಾಕುತ್ತದೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನೇರ ಗೆರೆ ಎಳೆದು ನಡುವೆ ಬಣ್ಣ ತುಂಬುತ್ತದೆ. ಹಾಗಾಗಿ ನಾಲ್ಕೇ ಮೂಲೆ ಇದ್ದರೂ ಬಣ್ಣ ನುಣ್ಣಗೇ ಕಾಣುತ್ತದೆ, ನಾಲ್ಕು ಲಕ್ಷ ಇದ್ದರೂ ನುಣ್ಣಗೇ ಕಾಣುತ್ತದೆ. ನೋಡುವವರು ಮೋಸ ಹೋಗುವುದು ಇಲ್ಲೇ.

ತೊಗರಿ ಬೆಳೆಯುವ ನಮ್ಮ ರೈತರಿಗೆ ಇದು ಬೇಗ ತಿಳಿಯುತ್ತದೆ. ಒಂದು ಊರಲ್ಲಿ ಹೊಲ ತುಂಬಿ ಹರಿಯುವಷ್ಟು ಮಳೆ, ಎರಡು ಊರಾಚೆ ಒಂದು ಹನಿ ಇಲ್ಲ. ಹೋಬಳಿಗೊಂದೇ ಮಳೆಮಾಪಕ ಇದ್ದರೆ ಎರಡೂ ಊರಿಗೆ ಒಂದೇ ಅಂಕಿ. ಪಂಚಾಯಿತಿಗೊಂದು ಇಟ್ಟರೆ ಬೇರೆ ಬೇರೆ ಅಂಕಿ. ಮಳೆ ಅದೇ, ಮೋಡ ಅದೇ, ಬದಲಾದದ್ದು ಜಾಳಿಗೆ. ಮೆಶ್ ರಿಫೈನ್ ಮಾಡುವುದು ಅಂದರೆ ಇದೇ. ಬೇಕಾದ ಕಡೆ ಜಾಳಿಗೆಯನ್ನು ಸಣ್ಣ ಮಾಡುವುದು.

ಹುಡುಗ 12 ಸೆಂ.ಮೀ. ದಪ್ಪಕ್ಕೆ ಮೂರೇ ತುಂಡು ಹಾಕಿದ್ದ, ಒಂದೊಂದು 4 ಸೆಂ.ಮೀ. ಈಗ ನೋಡಿ. ಮೇಲೆ ಬಿದ್ದ ತಂಪು ಒಂದು ನಿಮಿಷದಲ್ಲಿ ಕಾಂಕ್ರೀಟಿನೊಳಗೆ ಇಳಿಯುವುದು ಹೆಚ್ಚೆಂದರೆ ಒಂದೆರಡು ಸೆಂ.ಮೀ. 4 ಸೆಂ.ಮೀ. ತುಂಡಿಗೆ ಅಷ್ಟು ತೆಳುವಾದದ್ದು ಕಾಣುವುದೇ ಇಲ್ಲ. ಅದಕ್ಕೆ ಗೊತ್ತಿರುವುದು ನೇರ ಗೆರೆ ಎಳೆಯುವುದು ಮಾತ್ರ. ಮೇಲಿನ ತುದಿ 30, ಕೆಳಗಿನ ತುದಿ 60 ಅಂತ ಗೆರೆ ಎಳೆದರೆ ಆ ತುಂಡಿನಿಂದ ಬಹಳ ಶಾಖ ಹೊರಗೆ ಹೋದಂತೆ ಆಗುತ್ತದೆ. ಒಂದು ನಿಮಿಷದಲ್ಲಿ ಅಷ್ಟು ಶಾಖ ಹೋಗುವುದಿಲ್ಲ. ಲೆಕ್ಕ ಸರಿದೂಗಬೇಕಲ್ಲ, ಅದಕ್ಕೆ ಕಂಪ್ಯೂಟರ್ ಕೆಳಗಿನ ತುದಿಯನ್ನು 66ಕ್ಕೆ ಎತ್ತಿಬಿಟ್ಟಿತು. ಜಮಾ ಖರ್ಚು ಸರಿಯಾಯಿತು, ಉಷ್ಣತೆ ಸುಳ್ಳಾಯಿತು.

ಹುಡುಗ ಇದನ್ನು ಸರಿಮಾಡಲು ನೋಡಿರಲಿಲ್ಲ ಅಂತಲ್ಲ. ನಿಮಿಷದ ಹೆಜ್ಜೆ ದೊಡ್ಡದಾಯಿತು ಅಂದುಕೊಂಡು 10 ಸೆಕೆಂಡಿಗೆ ಇಳಿಸಿದ್ದ. ಮೊದಲ ಹೆಜ್ಜೆಗೇ 66 ಹೋಗಿ 67.7 ಆಯಿತು. ಜಾಸ್ತಿ ಕೆಟ್ಟಿತು! ಅಲ್ಲಿಗೆ ಅವನ ಧೈರ್ಯ ಹೋಯಿತು. ಹೆಜ್ಜೆ ಸಣ್ಣ ಮಾಡಿದಷ್ಟೂ ಲೆಕ್ಕ ಚೆನ್ನಾಗುತ್ತದೆ ಅಂತ ಎಲ್ಲರೂ ನಂಬಿರುತ್ತಾರೆ, ನಾನೂ ಒಂದು ಕಾಲಕ್ಕೆ ನಂಬಿದ್ದೆ. ಆದರೆ ಹೆಜ್ಜೆ ಸಣ್ಣದಾದರೆ ತಂಪು ಇಳಿಯುವ ಆಳ ಇನ್ನೂ ಕಡಿಮೆ ಆಗುತ್ತದೆ. ತುಂಡು ಮಾತ್ರ ಅಷ್ಟೇ ದಪ್ಪ ಉಳಿಯುತ್ತದೆ. ಹೆಜ್ಜೆಗೂ ತುಂಡಿಗೂ ಜೋಡಿ ಇದೆ, ಒಂದನ್ನು ಬಿಟ್ಟು ಇನ್ನೊಂದನ್ನು ಮುಟ್ಟಬಾರದು. ಅವನು ಬಳಸಿದ ವಿಧಾನಕ್ಕೆ ಒಂದು ಕೈಲೆಕ್ಕ ಇದೆ. ತುಂಡಿನ ದಪ್ಪದ ವರ್ಗ ತೆಗೆದುಕೊಳ್ಳಿ, ಕಾಂಕ್ರೀಟಿನ ಶಾಖ ಹರಡುವ ಅಂಕಿಯ ಆರು ಪಟ್ಟಿನಿಂದ ಭಾಗಿಸಿ. ಬಂದ ಸೆಕೆಂಡಿಗಿಂತ ಹೆಜ್ಜೆ ಸಣ್ಣದಿರಬಾರದು. 4 ಸೆಂ.ಮೀ. ತುಂಡಿಗೆ ಅದು ಸುಮಾರು 380 ಸೆಕೆಂಡ್, ಅಂದರೆ ಆರು ನಿಮಿಷಕ್ಕೂ ಮೇಲೆ. 2 ಸೆಂ.ಮೀ.ಗೆ 95 ಸೆಕೆಂಡ್. 1 ಸೆಂ.ಮೀ.ಗೆ 24 ಸೆಕೆಂಡ್.

ಅವತ್ತೇ ಕೂತು ಮಾಡಿ ನೋಡಿದೆವು. ಒಂದು ನಿಮಿಷದ ಹೆಜ್ಜೆ ಹಾಗೇ ಇಟ್ಟು ತುಂಡನ್ನು 2 ಸೆಂ.ಮೀ. ಮಾಡಿದರೆ ಸುಳ್ಳು ಉಷ್ಣತೆ 62ಕ್ಕೆ ಇಳಿಯಿತು. 1 ಸೆಂ.ಮೀ. ಮಾಡಿದ ಮೇಲೆ 60 ದಾಟಲಿಲ್ಲ. 4 ಸೆಂ.ಮೀ. ಆಳದಲ್ಲಿ ಒಂದು ನಿಮಿಷದ ನಂತರವೂ 60 ಇತ್ತು. ಅದೇ ಸರಿ, ಅಷ್ಟು ಹೊತ್ತಿಗೆ ಅಲ್ಲಿಗೆ ಸುದ್ದಿಯೇ ಮುಟ್ಟಿರುವುದಿಲ್ಲ. ಹುಡುಗನ ಮುಖ ನೋಡಬೇಕಿತ್ತು ನೀವು. ಸಾಫ್ಟ್‌ವೇರ್‌ನಲ್ಲಿ ಲಂಪ್ಡ್ ಅನ್ನುವ ಇನ್ನೊಂದು ಆಯ್ಕೆ ಇರುತ್ತದೆ, ತುಂಡಿನ ಶಾಖವನ್ನೆಲ್ಲ ಮೂಲೆಗಳಲ್ಲೇ ಗುಡ್ಡೆ ಹಾಕಿ ಲೆಕ್ಕ ಹಿಡಿಯುವುದು, ಅದನ್ನು ಒತ್ತಿದರೂ ಈ ಜಿಗಿತ ನಿಲ್ಲುತ್ತದೆ. ಆದರೆ ಜಿಗಿತ ನಿಂತಿತು ಅಂತ ದಪ್ಪ ತುಂಡು ನಿಖರ ಆಗುವುದಿಲ್ಲ. ಜ್ವರದ ಗುಳಿಗೆ ನುಂಗಿದ ಹಾಗೆ, ಮೈ ತಣ್ಣಗಾಗುತ್ತದೆ, ರೋಗ ಒಳಗೇ ಇರುತ್ತದೆ.

ಹಾಗಾದರೆ ಎಲ್ಲ ಕಡೆ ಸಣ್ಣ ಸಣ್ಣ ತುಂಡು ಹಾಕಿಬಿಡೋಣ ಅಂತ ಅನ್ನಿಸುತ್ತದೆ. ಹುಡುಗನೂ ಹಾಗೇ ಅಂದ. 30-40ರ ಸೈಟು ಹಿಡಿಯಿರಿ, ಸ್ಲ್ಯಾಬ್ ಸುಮಾರು 9 ಮೀಟರ್ ಅಗಲ, 12 ಮೀಟರ್ ಉದ್ದ. 4 ಸೆಂ.ಮೀ. ತುಂಡಾದರೆ 2 ಲಕ್ಷ ತುಂಡು ಸಾಕು. 1 ಸೆಂ.ಮೀ. ಆದರೆ 1 ಕೋಟಿ 30 ಲಕ್ಷ. ಮೂರೂ ದಿಕ್ಕಿನಲ್ಲಿ ಅರ್ಧ ಮಾಡಿದರೆ ತುಂಡು ಎಂಟು ಪಟ್ಟು ಆಗುತ್ತವೆ, ಮತ್ತೆ ಅರ್ಧ ಮಾಡಿದರೆ ಅರವತ್ನಾಲ್ಕು ಪಟ್ಟು. 8 ಜಿಬಿ ಲ್ಯಾಪ್‌ಟಾಪ್ ಅಲ್ಲಿಗೆ ಕೈ ಎತ್ತುತ್ತದೆ. ದುಡ್ಡಿನ ಸಾಫ್ಟ್‌ವೇರ್‌ನ ವಿದ್ಯಾರ್ಥಿ ಆವೃತ್ತಿಗಳಲ್ಲಿ ತುಂಡುಗಳ ಸಂಖ್ಯೆಗೇ ಮಿತಿ ಇರುತ್ತದೆ. ಅದಕ್ಕೆ ನಮ್ಮ ಹುಡುಗರು ಮೆಶ್ ಅಂದರೆ ದೊಡ್ಡ ಕಂಪ್ಯೂಟರ್ ಇರುವವರ ಕೆಲಸ ಅಂದುಕೊಂಡು ಬಿಟ್ಟುಬಿಡುತ್ತಾರೆ. ಇದು ನನಗೆ ಬಹಳ ನೋವಿನ ಸಂಗತಿ, ಯಾಕೆಂದರೆ ಅದು ನಿಜ ಅಲ್ಲ.

ಶಾಖ ಎತ್ತ ಹರಿಯುತ್ತದೆ ಅಂತ ಮೊದಲು ಯೋಚನೆ ಮಾಡಬೇಕು. ಸ್ಲ್ಯಾಬಿನ ನಡುಭಾಗದಲ್ಲಿ ಶಾಖ ಮೇಲಿಂದ ಕೆಳಕ್ಕೆ ಹೋಗುತ್ತದೆ, ಅಡ್ಡಡ್ಡ ಹೋಗುವುದಿಲ್ಲ. ಅಡ್ಡಕ್ಕೆ 30 ಸೆಂ.ಮೀ. ತುಂಡು ಇಟ್ಟರೂ ನಡೆಯುತ್ತದೆ. ಕೆಳಮುಖವಾಗಿ ಮಾತ್ರ ಮೇಲ್ಮೈ ಹತ್ತಿರ ಅರ್ಧ ಸೆಂ.ಮೀ.ನಿಂದ ಶುರುಮಾಡಿ. ಪ್ರತಿ ಪದರ ಹಿಂದಿನದಕ್ಕಿಂತ 1.2 ಪಟ್ಟು ದಪ್ಪ ಮಾಡುತ್ತಾ ಹೋದರೆ ಹತ್ತು ಪದರದಲ್ಲಿ 12 ಸೆಂ.ಮೀ. ಮುಗಿದೇ ಹೋಗುತ್ತದೆ. ಎಷ್ಟು ತುಂಡಾಯಿತು? ಮೂವತ್ತು, ನಲವತ್ತು, ಹತ್ತು ಗುಣಿಸಿ, ಹನ್ನೆರಡು ಸಾವಿರ. 1 ಕೋಟಿ 30 ಲಕ್ಷ ಎಲ್ಲಿ, ಹನ್ನೆರಡು ಸಾವಿರ ಎಲ್ಲಿ. ಮೇಲ್ಮೈಯಲ್ಲಿ ಇದು ಆ ಕೋಟಿ ತುಂಡಿಗಿಂತ ಸಣ್ಣ ಜಾಳಿಗೆ. ಹಳೇ ಲ್ಯಾಪ್‌ಟಾಪ್‌ನಲ್ಲೂ ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಬೀಮ್ ಕೂಡುವ ಜಾಗ, ಪ್ಯಾರಾಪೆಟ್ ಗೋಡೆ ನಿಂತ ಅಂಚು, ಇಲ್ಲಿ ಶಾಖ ತಿರುಗುತ್ತದೆ. ಅಲ್ಲಿ ಅಡ್ಡಕ್ಕೂ ಸಣ್ಣ ಮಾಡಬೇಕು. ಶಹಾಬಾದ್ ಪರ್ಸಿ ಹಾಸಿದ್ದರೆ ಕಲ್ಲು, ಕೆಳಗಿನ ಗಾರೆ, ಅದರ ಕೆಳಗೆ ಕಾಂಕ್ರೀಟ್, ಪ್ರತಿಯೊಂದರ ಗಡಿಯೂ ತುಂಡಿನ ಗಡಿಯಾಗಿರಬೇಕು. ಒಂದೇ ತುಂಡಿನೊಳಗೆ ಅರ್ಧ ಕಲ್ಲು ಅರ್ಧ ಗಾರೆ ಬಂದರೆ ಆ ತುಂಡು ಎರಡೂ ಅಲ್ಲ.

ಇನ್ನು ಕೆಲವು ಕಡೆ ಸಣ್ಣ ಮಾಡಿದರೂ ಉಪಯೋಗವಿಲ್ಲ. ಚಪ್ಪಟೆ ಗೋಡೆ, ಎರಡೂ ಕಡೆ ಉಷ್ಣತೆ ಬದಲಾಗದೆ ನಿಂತಿದೆ, ವಸ್ತು ಒಂದೇ, ಅದರ ಗುಣವೂ ಉಷ್ಣತೆಯ ಜೊತೆ ಬದಲಾಗುವುದಿಲ್ಲ ಅಂತಾದರೆ ಒಳಗಿನ ಉಷ್ಣತೆ ನೇರ ಗೆರೆಯೇ. ಒಂದೇ ತುಂಡು ಸಾಕು, ಉತ್ತರ ಪಕ್ಕಾ. ಅಂಥ ಗೋಡೆಗೆ ಐದು ಲಕ್ಷ ತುಂಡು ಹಾಕಿ ವರದಿಯಲ್ಲಿ ಹೆಮ್ಮೆಯಿಂದ ಬರೆದದ್ದನ್ನೂ ನೋಡಿದ್ದೇನೆ. ಇನ್ನೊಂದು, ಒಳಮುಖದ ಚೂಪು ಮೂಲೆ. ಅಲ್ಲಿ ಶಾಖದ ಹರಿವು ಎಷ್ಟು ಅಂತ ಕೇಳಿದರೆ ತುಂಡು ಸಣ್ಣ ಮಾಡಿದಷ್ಟೂ ಅಂಕಿ ಏರುತ್ತಲೇ ಹೋಗುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಅದು ಗಣಿತದ ಮೂಲೆ, ನಿಜವಾದ ಗಾರೆಯ ಮೂಲೆ ಅಷ್ಟು ಚೂಪು ಇರುವುದಿಲ್ಲ. ಅಲ್ಲಿ ಒಂದು ಬಿಂದುವಿನ ಅಂಕಿ ಕೇಳಬಾರದು, ಇಡೀ ಗೋಡೆಯಿಂದ ಒಟ್ಟು ಎಷ್ಟು ಬಂತು ಅಂತ ಕೇಳಬೇಕು. ಅದು ನಿಲ್ಲುತ್ತದೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಸಿಮೆಂಟ್ ಕಿಲ್ನ್ ಒಳಗೆ ಕ್ಲಿಂಕರ್, ಅಂದರೆ ಆಮೇಲೆ ಪುಡಿಮಾಡಿ ಸಿಮೆಂಟ್ ಮಾಡುವ ಸುಟ್ಟ ಉಂಡೆ, 1450 ಡಿಗ್ರಿ ಹತ್ತಿರ ಇರುತ್ತದೆ. ಹೊರಗಿನ ಉಕ್ಕಿನ ಚಿಪ್ಪು 300ರ ಆಸುಪಾಸು. ನಡುವೆ ಕಾಪಾಡುವುದು ಸುಮಾರು 20 ಸೆಂ.ಮೀ. ಇಟ್ಟಿಗೆ, ಅಷ್ಟೇ. ಹೊರಗಿನ ಒಂದು ಸಂಸ್ಥೆಗೆ ಚಿಪ್ಪಿನ ಉಷ್ಣತೆಯ ಲೆಕ್ಕ ಕೊಟ್ಟಿದ್ದರು, ಹೆಸರು ಬೇಡ. ಒಂದೆರಡು ಇಟ್ಟಿಗೆ ಕಳಚಿದರೂ ಚಿಪ್ಪು ತಡೆಯುತ್ತದೆ ಅಂತ ವರದಿ ಬಂತು. ಬಣ್ಣದ ಚಿತ್ರ ಇತ್ತು, ನಾನೂ ತಲೆ ಆಡಿಸಿದೆ. ಒಂದು ರಾತ್ರಿ ಪಾಳಿಯಲ್ಲಿ ಚಿಪ್ಪಿನ ಮೇಲೆ ಕೆಂಡದ ಹಾಗೆ ಒಂದು ಕೆಂಪು ಮಚ್ಚೆ ಕಂಡಿತು. ಕಿಲ್ನ್ ನಿಲ್ಲಿಸಬೇಕಾಯಿತು. ಆಮೇಲೆ ವರದಿ ಬಿಚ್ಚಿ ನೋಡಿದರೆ ಕಿಲ್ನ್ ಉದ್ದಕ್ಕೆ ಅವರು ಹಾಕಿದ ತುಂಡು ಅರ್ಧ ಮೀಟರ್. 20 ಸೆಂ.ಮೀ. ಇಟ್ಟಿಗೆ ಬಿದ್ದ ಗುಂಡಿ ಆ ಜಾಳಿಗೆಯಲ್ಲಿ ಸೋರಿ ಹೋಗಿತ್ತು. ಸುತ್ತಲಿನ ಗಟ್ಟಿ ಇಟ್ಟಿಗೆಯ ಜೊತೆ ಸೇರಿ ಸರಾಸರಿ ಆಗಿತ್ತು. ಆ ವರದಿಯನ್ನು ಎಷ್ಟು ಮೆಶ್‌ನಲ್ಲಿ ಮಾಡಿದಿರಿ ಅಂತ ನಾನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಅದು ಇವತ್ತಿಗೂ ಮನಸ್ಸಿನಲ್ಲಿದೆ.

ಕೇಳುವುದು ಹೇಗೆ ಅಂದರೆ ಬಹಳ ಸರಳ. ಅದೇ ಲೆಕ್ಕವನ್ನು ಮೂರು ಜಾಳಿಗೆಯಲ್ಲಿ ಮಾಡಬೇಕು. ಒರಟು, ಮಧ್ಯಮ, ಸಣ್ಣ. ಪ್ರತಿ ಸಲ ತುಂಡಿನ ಅಳತೆ ಅರ್ಧ ಮಾಡಿ. ಉತ್ತರ ಹೇಗೆ ಸರಿಯುತ್ತದೆ ನೋಡಿ. ಸುಮ್ನೆ ಒಂದು ಉದಾಹರಣೆ ಹೇಳುತ್ತೇನೆ. ಛತ್ತಿನಿಂದ ಕೋಣೆಗೆ ಬರುವ ಶಾಖ ಒರಟು ಮೆಶ್‌ನಲ್ಲಿ ಚದರ ಮೀಟರಿಗೆ 80 ವ್ಯಾಟ್ ಬಂತು, ಮಧ್ಯಮದಲ್ಲಿ 95, ಸಣ್ಣದರಲ್ಲಿ 98.75. ಮೊದಲ ಜಿಗಿತ 15, ಎರಡನೆಯದು 3.75, ಅಂದರೆ ನಾಲ್ಕರಲ್ಲಿ ಒಂದು. ತುಂಡು ಅರ್ಧವಾದರೆ ತಪ್ಪು ಕಾಲು ಆಗುತ್ತಿದೆ. ಹೀಗೇ ಹೋದರೆ ಉತ್ತರ 100ಕ್ಕೆ ಹೋಗಿ ನಿಲ್ಲುತ್ತದೆ ಅಂತ ಕಾಗದದ ಮೇಲೇ ಹೇಳಬಹುದು, ನಾಲ್ಕನೇ ಮೆಶ್ ಬೇಕಾಗಿಲ್ಲ. ಈ ಉಪಾಯವನ್ನು ಲೂಯಿಸ್ ಫ್ರೈ ರಿಚರ್ಡ್‌ಸನ್ ಎನ್ನುವ ಇಂಗ್ಲಿಷ್ ವಿಜ್ಞಾನಿ 1911ರಲ್ಲಿ ಬರೆದಿಟ್ಟರು, ಆಗ ಕಂಪ್ಯೂಟರೇ ಇರಲಿಲ್ಲ. ಹವಾಮಾನವನ್ನು ಗಣಿತದಿಂದ ಹೇಳಲು ಕೈಯಲ್ಲೇ ಲೆಕ್ಕ ಹಾಕಿ ನೋಡಿದವರೂ ಅವರೇ. 1994ರಲ್ಲಿ ಪ್ಯಾಟ್ರಿಕ್ ರೋಚ್ ಎನ್ನುವವರು ಇದರ ಮೇಲೆ ಒಂದು ಸೂಚ್ಯಂಕ ಕಟ್ಟಿದರು, ಗ್ರಿಡ್ ಕನ್ವರ್ಜೆನ್ಸ್ ಇಂಡೆಕ್ಸ್ ಅಂತ. ನಮ್ಮ ಉದಾಹರಣೆಗೆ ಅದು ಸುಮಾರು ಶೇ 1.6. ಅಂದರೆ 98.75 ಅಂತ ಹೇಳಿ, ಜೊತೆಗೆ ಮೆಶ್‌ನಿಂದ ಇಷ್ಟು ಆಚೀಚೆ ಆಗಬಹುದು ಅಂತಲೂ ಹೇಳಿ. ಎಂಥ ಪ್ರಾಮಾಣಿಕ ಸಾಲು ಅದು! ಒಂದು ವೇಳೆ ಎರಡನೇ ಜಿಗಿತ ಮೊದಲನೆಯದಕ್ಕಿಂತ ದೊಡ್ಡದಾದರೆ ಅಥವಾ ಉತ್ತರ ಮೇಲೆ ಕೆಳಗೆ ಆಡುತ್ತಿದ್ದರೆ ಇನ್ನೂ ಏನನ್ನೂ ಹೇಳುವ ಹಾಗಿಲ್ಲ.

ಮೆಶ್ ಸರಿಯಾದರೆ ಎಲ್ಲ ಸರಿಯಾಯಿತು ಅಂತ ನಾನು ಹೇಳುತ್ತಿಲ್ಲ. ಕಾಂಕ್ರೀಟಿನ ಗುಣ ತಪ್ಪು ಕೊಟ್ಟರೆ, ಗಾಳಿಯ ಲೆಕ್ಕ ತಪ್ಪಿದರೆ, ಎಷ್ಟೇ ಸಣ್ಣ ಜಾಳಿಗೆ ಹಾಕಿದರೂ ತಪ್ಪು ಪ್ರಶ್ನೆಗೆ ಸರಿ ಉತ್ತರ ಸಿಗುತ್ತದೆ. ಮಳೆ ಬಿದ್ದಾಗ ಮೇಲ್ಮೈ ಒಮ್ಮೆಲೇ 30ಕ್ಕೆ ಇಳಿಯುವುದೂ ಇಲ್ಲ, ಅದೂ ಒಂದು ಊಹೆಯೇ. ಅದಕ್ಕೆ ಹುಡುಗನಿಗೆ ಹೇಳಿದೆ, ಒಂದು ಥರ್ಮಾಮೀಟರ್ ತಂದು ಸ್ಲ್ಯಾಬ್ ಕೆಳಗೆ ಅಂಟಿಸು, ಒಂದು ದಿನ ಪೂರ್ತಿ ಗಂಟೆಗೊಮ್ಮೆ ಬರೆದುಕೋ. 12 ಸೆಂ.ಮೀ. ಕಾಂಕ್ರೀಟಿನಲ್ಲಿ ದಿನದ ಬಿಸಿಲಿನ ಏರಿಳಿತ ಕೆಳಗೆ ಬರಲು ಸುಮಾರು ಮೂರು ಗಂಟೆ ಹಿಡಿಯುತ್ತದೆ ಅಂತ ಲೆಕ್ಕ ಹೇಳುತ್ತದೆ. ಮೇಲೆ ಎರಡಕ್ಕೆ ಸುಟ್ಟರೆ ಒಳಗೆ ಐದಕ್ಕೆ ಸುಡಬೇಕು. ಆಗಿದೆಯೋ ಇಲ್ಲವೋ ನೋಡು ಅಂದೆ. ಅದೆಲ್ಲ ಮೆಶ್ ಆದ ಮೇಲಿನ ಕೆಲಸ. ಮೆಶ್ಶೇ ಸರಿ ಇಲ್ಲದಿದ್ದರೆ ಥರ್ಮಾಮೀಟರ್ ಜೊತೆ ಹೊಂದಿದರೂ ಅದು ಅದೃಷ್ಟ, ಹೊಂದದಿದ್ದರೆ ತಪ್ಪು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ.

ಈಗ ನಾನು ಕೇಳಿಕೊಳ್ಳುವುದು. ಕಲಬುರಗಿ, ಬೀದರ್, ಯಾದಗಿರಿಯ ಎಂಜಿನಿಯರಿಂಗ್ ಕಾಲೇಜುಗಳ ಮೇಷ್ಟ್ರುಗಳು ಶಾಖದ ಪ್ರಾಜೆಕ್ಟ್‌ಗೆ ಸಹಿ ಹಾಕುವ ಮೊದಲು ಒಂದು ಪುಟ ಕೇಳಲಿ. ಮೂರು ಮೆಶ್, ಮೂರು ಉತ್ತರ, ಒಂದು ಪಟ್ಟಿ. ದುಡ್ಡು ಬೇಡ. ಜಿಮೆಶ್, ಎಲ್ಮರ್, ಓಪನ್‌ಫೋಮ್ ಅನ್ನುವ ಸಾಫ್ಟ್‌ವೇರ್‌ಗಳೆಲ್ಲ ಪುಕ್ಕಟೆ ಸಿಗುತ್ತವೆ. ಉತ್ತರ ಇನ್ನೂ ನಿಂತಿಲ್ಲ ಅಂತ ಬರೆದ ಹುಡುಗನಿಗೆ ಮಾರ್ಕ್ಸ್ ಕತ್ತರಿಸಬೇಡಿ, ಜಾಸ್ತಿ ಕೊಡಿ. ಹಾಗೆ ಮಾಡಿದರೆ ಯಾವ ಹುಡುಗನೂ ಪಟ್ಟಿಯನ್ನು 60ಕ್ಕೆ ಕಟ್ಟುವುದಿಲ್ಲ. ಛತ್ತಿಗೆ ಹೊದಿಕೆ ಮಾರಲು ಬಂದವರನ್ನು ಮನೆಯವರೂ ಇದೇ ಪ್ರಶ್ನೆ ಕೇಳಬಹುದು, ಅದಕ್ಕೆ ಡಿಗ್ರಿ ಬೇಕಾಗಿಲ್ಲ. ಜಾಳಿಗೆ ಅರ್ಧ ಮಾಡಿದಾಗ ನಿಮ್ಮ ಅಂಕಿ ಎಷ್ಟು ಸರಿಯಿತು ಅಂತ ಕೇಳಿ. ಉತ್ತರ ಇದ್ದವರು ಖುಷಿಯಿಂದ ಹೇಳುತ್ತಾರೆ. ಮತ್ತು ಸಂಪಾದಕರೇ, ನಿಮ್ಮ ಪತ್ರಿಕೆಯಲ್ಲಿ ಅಂಥ ಚಿತ್ರ ಹಾಕುವಾಗ ಅದರ ಕೆಳಗೆ ಎಷ್ಟು ಮೆಶ್‌ನಲ್ಲಿ ಪರೀಕ್ಷಿಸಿದ್ದು ಅಂತ ಒಂದು ಸಾಲು ಹಾಕಿ. ಕಳಿಸಿದವರು ಕೊಡದಿದ್ದರೆ ಆ ಚಿತ್ರವನ್ನು ಬಿಟ್ಟುಬಿಡಿ.

ಓಣಿಯ ಹುಡುಗ ವರದಿ ತಿದ್ದಿ ತೋರಿಸಿದ. ಹಳೇ 66ರ ಚಿತ್ರವನ್ನೂ ಉಳಿಸಿಕೊಂಡಿದ್ದಾನೆ, ಈ ಸಲ ಪಟ್ಟಿ ಕಟ್ಟಿಲ್ಲ. ಪಕ್ಕದಲ್ಲಿ 2 ಸೆಂ.ಮೀ., 1 ಸೆಂ.ಮೀ. ಚಿತ್ರಗಳಿವೆ. ಈ ಮೂರರಲ್ಲಿ ಯಾವುದನ್ನು ಯಾಕೆ ನಂಬಬೇಕು ಅಂತ ಕೆಳಗೆ ಅರ್ಧ ಪುಟ ಬರೆದಿದ್ದಾನೆ, ಅದೂ ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷ್ ಮಾಡಿದ್ದಾನಂತೆ. ಸೋಮವಾರ ಅವನ ವೈವಾ.

ಇಂತಿ,
ನಿಮ್ಮ ಓದುಗ, ಸೇಡಂ ರಸ್ತೆ, ಕಲಬುರಗಿ